ಜಾಲಿ ಮರದ ಹೆಣೆಗೊಂಬು

"ಅದಕ್ಕೆ ಕೈ ಹಚ್ಬೇಡ ಅಳಿಯ. ಟೋಪಿ ಮುಟ್ಟಿಕೊಂಡು ಮುಂದಕ್ಕೆ ನಡಿ."

ಮುದುಕ ಬಾಲ್ದೊಮೇರೊ ತನ್ನ ಟೋಪಿಯ ಅಂಚನ್ನು ಎರಡು ಬೆರಳಿನಿಂದ ಮುಟ್ಟಿ, ಕುದುರೆಯನ್ನು ಮರದಿಂದ ದೂರಕ್ಕೆ ತಿರುಗಿಸಿದ. ಹಿಂದೆ ಬರುತ್ತಿದ್ದ ಅಳಿಯ ಲಿಯಾಂದ್ರೊ ಮುಂದಕ್ಕೆ ನಡೆಯಲಿಲ್ಲ. ಬೇಡ ಎಂದದ್ದನ್ನು ಒಮ್ಮೆ ಮುಟ್ಟಿ ನೋಡುವ ಜಾತಿ ಅವನದು.

ದನಗಳ ನೀರುಕಟ್ಟೆಯ ದಂಡೆಯಲ್ಲಿ ಆ ಮುದಿ ಜಾಲಿಮರವಿತ್ತು. ಅದರ ಕವಲಿನಿಂದ ತುಕ್ಕು ಹಿಡಿದ ತಂತಿಯೊಂದರಲ್ಲಿ ಎರಡು ಗಂಡುಜಿಂಕೆಗಳ ತಲೆಬುರುಡೆಗಳು ತೂಗುತ್ತಿದ್ದವು. ಬೆದೆಗಾಲದಲ್ಲಿ ಕಾದಾಡುವಾಗ ಒಂದರ ಕೊಂಬು ಇನ್ನೊಂದರ ಕೊಂಬಿನೊಳಗೆ ಸಿಕ್ಕಿಕೊಂಡು, ಬಿಡಿಸಿಕೊಳ್ಳಲಾಗದೆ, ಮುಖಕ್ಕೆ ಮುಖ ಒತ್ತಿಕೊಂಡೇ ಹಸಿದು ಸತ್ತ ಜೋಡಿ ಅದು. ಕೊಂಬು ಹೆಣೆದುಕೊಂಡಿದ್ದ ಜಾಗಕ್ಕೆ ಕೆಂಪು ನೂಲು ಸುತ್ತಿತ್ತು. ನೂಲಿನ ನಡುವೆ ಮನುಷ್ಯರ ಕೂದಲು, ಒಂದಿಷ್ಟು ಕರಿದು, ಒಂದಿಷ್ಟು ಕೆಂಚು. ಎಲ್ ತೆಕೊಲೋತೆ ಎಂಬ ಆ ದನದ ರಾಂಚಿನ ಆಳುಗಳೆಲ್ಲ ಅದನ್ನು ಹೆಣೆಗೊಂಬು ಎನ್ನುತ್ತಿದ್ದರು. ಅಲ್ಲಿ ದನ ನೀರು ಕುಡಿಯುತ್ತಿದ್ದವು, ಹಕ್ಕಿ ಕೂರುತ್ತಿರಲಿಲ್ಲ.

"ಸತ್ತ ಜಿಂಕೆ ಎದ್ದು ಬಂದು ಹಾಯುತ್ತಾ ಮಾವ?"

"ಹಾಯೋದು ಜಿಂಕೆ ಅಲ್ಲಪ್ಪ." ಮುದುಕ ದನಿ ತಗ್ಗಿಸಿದ. "ನಮ್ಮಪ್ಪಂಗೂ ಅವನ ಜೀವದ ಗೆಳೆಯ, ಅವನ ಕೊಂಪಾದ್ರೆಗೂ ಒಂದು ಹೋರಿ ವಿಷಯಕ್ಕೆ ಜಗಳ ಹತ್ಕೊಂಡ್ತು. ಚಾಕು ಹಿಡ್ಕೊಂಡು ಓಡಾಡೋರು ಇಬ್ರೂ. ಆಗ ಸೆರಾಫಿನ ಅಂತ ಒಬ್ಳು ಮಾಟಗಾತಿ ಇದ್ಲು. ನಮ್ಮಜ್ಜಿ ಅವಳ ಕಾಲು ಹಿಡಿದ್ಲು. ಅವಳು ಇಬ್ರ ಕೂದಲನ್ನೂ ತರಿಸಿ ಇದರೊಳಗೆ ಕಟ್ಟಿದ್ಲು. ಮಾರನೇ ದಿನ ಇಬ್ರೂ ಒಂದೇ ತಟ್ಟೇಲಿ ಉಂಡ್ರಂತೆ."

"ಒಳ್ಳೇದೇ ಆಯ್ತಲ್ಲ!"

"ಸಿಟ್ಟು ಸಾಯ್ಲಿಲ್ಲ ಕಣಪ್ಪ. ಇಲ್ಲಿ ನೇತು ಹಾಕಿದ್ಲು, ಅಷ್ಟೆ. ಬಿಚ್ಚಿದ್ರೆ ಅದಕ್ಕೆ ಮತ್ತೆ ಇಬ್ರು ಬೇಕು. ಅವರಷ್ಟೇ ಹತ್ತಿರದೋರು ಬೇಕು."

"ನಮ್ಮ ಸ್ಯಾನ್ ಆಂಟೋನಿಯೊದಲ್ಲಿ ಸಿಟ್ಟು ಬಂದ್ರೆ ಏಸಿ ಹಾಕ್ಕೊಂಡು ಮಲಗಿಬಿಡ್ತೀವಿ ಮಾವ," ಎಂದು ಲಿಯಾಂದ್ರೊ ನಕ್ಕ. ನಗುತ್ತಲೇ ಕೈಚಾಚಿ ಒಂದು ಕೊಂಬನ್ನು ಬೆರಳಿನಿಂದ ಚಿಮ್ಮಿದ. ಬುರುಡೆಗಳು ನಿಧಾನಕ್ಕೆ ತಿರುಗಿದವು. ಟಕ್ ಎಂದು ಸಣ್ಣ ಸದ್ದು. ಬಾಲ್ದೊಮೇರೊ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಹೊರಟುಹೋದ.

ಲಿಯಾಂದ್ರೊ ಏಸಿ ರಿಪೇರಿಯವನು. ಕೆಲಸ ಹೋಗಿ, ಬಸುರಿ ಹೆಂಡತಿ ಒದಿಲಿಯಾಳ ಜೊತೆ ಮಾವನ ಮನೆಗೆ ಬಂದಿದ್ದ. ಮನೆ ಅಳಿಯ ಎಂದರೆ ಎಲ್ಲ ಸೀಮೆಯಲ್ಲೂ ಒಂದೇ ಪಾಡು, ನಾಯಿ ಕೂಡ ಕೊಂಚ ತಡೆದು ಬಾಲ ಆಡಿಸುತ್ತದೆ. ಅವನನ್ನು ಅಲ್ಲಿ ಮನುಷ್ಯನ ಹಾಗೆ ಕಂಡವನು ಒದಿಲಿಯಾಳ ಅಣ್ಣ ನಿಕನೋರ್. ಪಟ್ಟಣದಲ್ಲಿ ಒಟ್ಟಿಗೆ ದುಡಿದು, ಒಂದೇ ಕೋಣೆಯಲ್ಲಿ ಮಲಗೆದ್ದು, ಕೊನೆಗೆ ತಂಗಿಯನ್ನು ಕೊಡಿಸಿದವನೂ ಅವನೇ. ಹುಟ್ಟುವ ಕೂಸಿನ ನೆತ್ತಿಗೆ ಪಾದ್ರಿ ನೀರು ಹಾಕುವಾಗ ಅದನ್ನು ಎತ್ತಿ ಹಿಡಿಯಬೇಕಾದವನೂ ಅವನೇ. ಹಾಗೆ ಹಿಡಿದವನು ಕೂಸಿನ ಅಪ್ಪನಿಗೆ ಕೊಂಪಾದ್ರೆಯಾಗುತ್ತಾನೆ. ಆ ಸೀಮೆಯಲ್ಲಿ ಅದು ರಕ್ತಕ್ಕಿಂತ ದೊಡ್ಡ ನಂಟು. ಕೊಂಪಾದ್ರೆಯ ಮೇಲೆ ಕೈ ಎತ್ತಿದವನಿಗೆ ಗೋರಿಯಲ್ಲೂ ನಿದ್ದೆಯಿಲ್ಲ ಎನ್ನುತ್ತಾರೆ. ನಿಕನೋರ್ ಈಗಾಗಲೇ ತಂಗಿಯ ಹೊಟ್ಟೆಗೆ ಬಾಯಿಟ್ಟು "ಏ ಕಳ್ಳ, ಬೇಗ ಬಾರೋ" ಎಂದು ಮಾತಾಡಿಸುತ್ತಿದ್ದ.

ಬಡಗಣ ಗಾಳಿ ಬೀಸಿ ಚಳಿ ಇಳಿದಿತ್ತು. ಬೆದೆಗಾಲ ಏರಿತ್ತು. ಪಟ್ಟಣದ ಬೇಟೆಗಾರರು ಬರುವವರಿದ್ದರು. ಅವರಿಗಾಗಿ ಕಾದಾಟದ ಸದ್ದು ಬರುವಂತೆ ಕೊಂಬು ಬಡಿದು ಜಿಂಕೆ ಕರೆಯುವುದು ಬಾಲ್ದೊಮೇರೊನ ಮನೆತನದ ಕಸುಬು. ಮುದುಕನ ಭುಜ ಸೋತಿತ್ತು, ಈ ಸಲ ಆ ಕೆಲಸ ಹುಡುಗರಿಬ್ಬರದು. ನಿಕನೋರ್ ಭಾವನನ್ನು ನಸುಕಿನಲ್ಲೇ ಪಾಪಾಸುಕಳ್ಳಿಯ ಪೊದೆಯ ಹಿಂದೆ ಕೂರಿಸಿಕೊಂಡ. ಲಿಯಾಂದ್ರೊ ಅಂಗಡಿಯಲ್ಲಿ ಕೊಂಡಿದ್ದ ಪ್ಲಾಸ್ಟಿಕ್ ಕೊಂಬುಗಳನ್ನು ಹೊರತೆಗೆದ.

"ಅಯ್ಯೋ ಭಾವ, ಇದನ್ನ ತೊಟ್ಟಿಲಿಗೆ ಕಟ್ಟು. ಮಗು ಆಟ ಆಡ್ಲಿ," ಎಂದು ನಿಕನೋರ್ ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನ ಹಳೆಯ ಕೊಂಬುಗಳನ್ನು ತೊಡೆಯ ಮೇಲಿಟ್ಟುಕೊಂಡ. "ನೋಡು. ಮೊದ್ಲು ತುದಿ ತಾಗ್ಸು, ಟಕ್ ಅಂತ. ಆಮೇಲೆ ಒಂದರೊಳಗೊಂದು ಹಾಕಿ ತಿರುಚು. ಪೊದೆ ಕೆರಿ. ಆಮೇಲೆ ಬುಡದಿಂದ ನೆಲ ಗುದ್ದು. ಎರಡು ಗುದ್ದು. ಸುಮ್ನಿರು. ಮತ್ತೊಂದು."

"ನೆಲ ಯಾಕೆ ಗುದ್ದೋದು?"

"ಜಿಂಕೆ ಕಿವೀಲಿ ಮಾತ್ರ ಕೇಳಲ್ಲ ಭಾವ, ಗೊರಸಲ್ಲೂ ಕೇಳುತ್ತೆ. ಕಿವಿ ಅನುಮಾನ ಪಟ್ರೂ ಗೊರಸು ನಂಬುತ್ತೆ. ಇನ್ನೊಂದು. ಅದು ಹೊರಡ್ತು ಅಂತ ಗೊತ್ತಾದ್ಮೇಲೆ ನಿಲ್ಸಿಬಿಡ್ಬೇಕು. ಹೊರಟಿದ್ದು ಬಂದೇ ಬರುತ್ತೆ."

ಅವನು ಬಡಿದ. ಒಣ ಮೂಳೆಯ ಕಟಕಟ ಸದ್ದು ಮಂಜಿನೊಳಗೆ ಹರಡಿತು. ಆಮೇಲೆ ನೆಲಕ್ಕೆ ಗುದ್ದು. ಸ್ವಲ್ಪ ಹೊತ್ತಿಗೆ ಮುಳ್ಳುಕಂಟಿ ಮುರಿದುಕೊಂಡು ಒಂದು ಗಂಡುಜಿಂಕೆ ಬಂತು. ಕತ್ತು ಊದಿತ್ತು. ಹಿಂಗಾಲಿನ ಗ್ರಂಥಿಯಿಂದ ಸೋರಿದ ಮದದ ನಾತ, ಉಚ್ಚೆಯ ಘಾಟು, ಮುಖಕ್ಕೆ ಹೊಡೆಯಿತು. ಅವರಿಬ್ಬರೂ ಎದುರಿಗೇ ಕೂತಿದ್ದರು. ಅದಕ್ಕೆ ಕಾಣಿಸಲೇ ಇಲ್ಲ. ಅದರ ಕಣ್ಣಿನಲ್ಲಿ ಕಾದಾಟ ಬಿಟ್ಟು ಬೇರೇನೂ ಇರಲಿಲ್ಲ. ಲಿಯಾಂದ್ರೊಗೆ ಆ ಕಣ್ಣು ಕಂಡು ಮರುಕವಾಯಿತು. ಜೊತೆಗೆ ಆಸೆಯೂ ಆಯಿತು. ತಾನೂ ಹೀಗೆ ಕರೆಯಬೇಕು. ಮಾವನ ಎದುರು ಒಮ್ಮೆಯಾದರೂ ಗಂಡಸು ಅನ್ನಿಸಿಕೊಳ್ಳಬೇಕು.

ಅದಕ್ಕೆ ಒಳ್ಳೆಯ ಕೊಂಬು ಬೇಕಿತ್ತು. ಬಯಲಲ್ಲಿ ಉದುರಿದ್ದ ಹಳೆಯ ಕೊಂಬುಗಳು ಬಿಸಿಲಿಗೆ ಬೆಳ್ಳಗಾಗಿ ಸತ್ತ ಸದ್ದು ಕೊಡುತ್ತಿದ್ದವು. ಹೆಣೆಗೊಂಬು ಮಾತ್ರ, ಎಷ್ಟೋ ವರ್ಷ ಗಾಳಿ ಮಳೆ ತಿಂದರೂ, ಜೇನಿನ ಬಣ್ಣದಲ್ಲಿ ಮಿರುಗುತ್ತಿತ್ತು. ಮುಟ್ಟಿದರೆ ಜಿಡ್ಡು. ಮಾವ ಊಟ ಮಾಡಿ ಮಲಗಿದ್ದ ಮಧ್ಯಾಹ್ನ, ಇರಲಾರದವನು ಇರುವೆ ಬಿಟ್ಟುಕೊಂಡ ಹಾಗೆ, ಲಿಯಾಂದ್ರೊ ಗರಗಸ ಹಿಡಿದು ಕಟ್ಟೆಗೆ ಹೋದ.

ಕಟ್ಟೆಗೆ ನೀರೆತ್ತುವ ಗಾಳಿಯಂತ್ರ ಕಿರಗುಟ್ಟುತ್ತಿತ್ತು. ಅವನು ತಂತಿ ಕತ್ತರಿಸಿದ. ಬುರುಡೆಗಳು ಮಡಿಲಿಗೆ ಬಿದ್ದವು, ನೆನೆಸಿದ್ದಕ್ಕಿಂತ ಭಾರ. ಕೆಂಪು ನೂಲನ್ನು ಚಾಕುವಿನಿಂದ ಕೊಯ್ದ. ಕೂದಲು ಗಾಳಿಗೆ ಹಾರದೆ ಅವನ ಅಂಗೈಗೆ ಅಂಟಿತು. ಕೊಂಬಿನ ಬುಡಕ್ಕೆ ಗರಗಸ ಆಡಿಸಿದಾಗ ಸುಟ್ಟ ಮೂಳೆಯ ವಾಸನೆ ಬರಬೇಕಿತ್ತು. ಬಂದದ್ದು ಹಸಿ ರಕ್ತದ ವಾಸನೆ. ಅದರ ಹಿಂದೆಯೇ ಮದದ ನಾತ, ಆ ನಸುಕಿನಲ್ಲಿ ಬಂದಿದ್ದ ಜಿಂಕೆಯದಕ್ಕಿಂತ ಗಾಢವಾಗಿ. ಗಾಳಿಯಂತ್ರ ನಿಂತಿತು. ಕಟ್ಟೆಯಲ್ಲಿ ನೀರು ಕುಡಿಯುತ್ತಿದ್ದ ದನಗಳು ತಲೆಯೆತ್ತಿ ನೋಡಿ, ಒಂದರ ಹಿಂದೊಂದು ದೂರ ಸರಿದವು.

ಅವನು ಸಾಬೂನು ಹಚ್ಚಿ ಕೈ ತೊಳೆದ. ಮತ್ತೆ ತೊಳೆದ. ಊಟಕ್ಕೆ ಕೂತಾಗ ಒದಿಲಿಯಾ ಮೂಗು ಮುಚ್ಚಿಕೊಂಡು, "ಥೂ, ಯಾವ ಹೋತದ ಜೊತೆ ಮಲಗಿದ್ದೆ ನೀನು?" ಎಂದಳು.

ಮಾರನೆಯ ನಸುಕಿನಲ್ಲಿ ಇಬ್ಬರೂ ಹೊರಟರು. ಕೊಂಬುಗಳನ್ನು ಕಂಡು ನಿಕನೋರ್ ಹುಬ್ಬೇರಿಸಿದ.

"ಎಲ್ಲಿ ಸಿಕ್ತು ಭಾವ?"

"ಸಿಕ್ತು ಬಿಡು."

"ಬೆವರ್ತಿದೆಯಲ್ಲೋ ಇದು!"

"ನಿನ್ನ ಹೊಟ್ಟೆಕಿಚ್ಚಿಗೆ," ಎಂದು ಲಿಯಾಂದ್ರೊ ನಕ್ಕ. ನಿಕನೋರ್ ಅವನ ಬೆನ್ನಿಗೊಂದು ಗುದ್ದಿ, ಬಂದೂಕು ಹೆಗಲಿಗೇರಿಸಿಕೊಂಡು, ಗಾಳಿಗೆದುರಾಗಿ ದೂರದ ಪೊದೆಯಲ್ಲಿ ಅವಿತ.

ಟಕ್.

ಮೊದಲ ಸದ್ದಿಗೇ ಹಕ್ಕಿಗಳು ಸುಮ್ಮನಾದವು. ಲಿಯಾಂದ್ರೊ ಕೊಂಬುಗಳನ್ನು ಹೆಣೆದು ತಿರುಚಿದ. ಅವು ತಾವಾಗಿ ತಿರುಚಿಕೊಂಡವು. ಬಿಡಿಸಲು ಹೋದರೆ ಎಳೆದವು. ಬಯಲಿನಾಚೆ ಮೇಯುತ್ತಿದ್ದ ಜಿಂಕೆಗಳು ಬಾಲವೆತ್ತಿ ಓಡಿದವು. ಬರಬೇಕಾದವು ಓಡಿಹೋಗುತ್ತಿವೆ! ಅವನು ಬೇಸರದಿಂದ ನೆಲಕ್ಕೆ ಗುದ್ದಿದ. ಎರಡು ಗುದ್ದು. ಸುಮ್ಮನಾದ. ಮತ್ತೊಂದು.

ಆಗ ಕಂಟಿ ಮುರಿಯಿತು.

ಬಂದವನು ನಿಕನೋರ್. ಕೈಯಲ್ಲಿ ಬಂದೂಕಿಲ್ಲ. ತೋಳುಗಳು ಜೋತುಬಿದ್ದಿವೆ. ತಲೆ ತಗ್ಗಿದೆ. ಮುಖವೆಲ್ಲ ಮುಳ್ಳು ಗೀರಿ ರಕ್ತ. ಕತ್ತು ಊದಿದೆ. "ನಿಕೊ?" ಎಂದ ಲಿಯಾಂದ್ರೊ. ಮೂಗಿನಿಂದ ಬುಸ್ ಎಂದು ಉಸಿರು ಬಂತು. ಆ ಕಣ್ಣುಗಳು! ಅವನನ್ನು ನೋಡುತ್ತಿದ್ದವು, ಅವನನ್ನು ಕಾಣುತ್ತಿರಲಿಲ್ಲ. ಓಡು ಎಂದುಕೊಂಡ. ಕಾಲು ಓಡಲಿಲ್ಲ. ಅವನ ತಲೆಯೂ ತಗ್ಗುತ್ತಿತ್ತು. ಹಣೆಯ ಮೂಳೆ ನೆವೆಯಿಂದ ಉರಿಯುತ್ತಿತ್ತು. ಮದದ ನಾತ. ಎಲ್ಲಿಂದ? ತನ್ನ ಮೈಯಿಂದಲೇ. ಇವನು ಬದುಕಬಾರದು. ಇವನನ್ನು ಸೀಳಬೇಕು. ಯಾಕೆ? ಗೊತ್ತಿಲ್ಲ. ಸೀಳಬೇಕು.

ಹಣೆಗೆ ಹಣೆ ಹೊಡೆಯಿತು.

"ಲಿಯಾಂದ್ರೊ!"

ಒದಿಲಿಯಾಳ ದನಿ. ಅಣ್ಣನಿಗೂ ಗಂಡನಿಗೂ ದಿನಾ ಬೆಳಿಗ್ಗೆ ಬಿಸಿ ಟೋರ್ಟಿಯಾ ರೊಟ್ಟಿ, ಕಾಫಿ ತರುವವಳು ಗಾಡಿ ನಿಲ್ಲಿಸಿ ಬೇಲಿಯ ಬಳಿ ನಿಂತಿದ್ದಳು. ಆ ಕೂಗು ಅವನ ಕಿವಿಗೆ ಬಿತ್ತು, ಕಿವಿಯಿಂದ ಎದೆಗಿಳಿಯಿತು. ಕತ್ತಿನ ಬಿಗಿ ಬಿಟ್ಟಿತು. ಅವನ ಹೆಬ್ಬೆರಳುಗಳು ನಿಕನೋರನ ಗಂಟಲಿನ ಮೇಲಿದ್ದವು. ನಿಕನೋರನ ಹಲ್ಲು ಅವನ ಭುಜದಲ್ಲಿತ್ತು. ಇಬ್ಬರೂ ಬಿಡಿಸಿಕೊಂಡು, ನೆಲದ ಮೇಲೆ ಕೂತು ಒಬ್ಬರನ್ನೊಬ್ಬರು ನೋಡಿದರು.

"ನಾನೇನ್ ಮಾಡ್ದೆ ಭಾವ?" ಎಂದು ನಿಕನೋರ್ ಮಗುವಿನ ಹಾಗೆ ಅತ್ತುಬಿಟ್ಟ.

ಇಬ್ಬರ ಹಣೆಯ ಗಾಯ ಕಂಡಕೂಡಲೇ ಬಾಲ್ದೊಮೇರೊನ ಕೈಲಿದ್ದ ಲೋಟ ಬಿತ್ತು. "ಯಾವ ಕೊಂಬು?" ಎಂದಷ್ಟೇ ಕೇಳಿದ. ಲಿಯಾಂದ್ರೊ ತಲೆ ತಗ್ಗಿಸಿದ. ಮುದುಕ ಬಯ್ಯಲಿಲ್ಲ, ಹೊಡೆಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಕೊಂಬುಗಳನ್ನು ಜಾಲಿಮರದ ಬಳಿ ಎತ್ತಿಕೊಂಡು ಹೋಗಿ, ಒಂದರೊಳಗೊಂದು ಸೇರಿಸಲು ನೋಡಿದ. ಗರಗಸದ ಗಾಯವಾದ ಕೊಂಬು ಹೆಣೆದುಕೊಳ್ಳಲಿಲ್ಲ. ತಂತಿ ಬಿಗಿದ, ತಂತಿ ತಾನಾಗಿ ಬಿಚ್ಚಿಕೊಂಡಿತು. ಸೆರಾಫಿನ ಮಣ್ಣಾಗಿ ಒಂದು ತಲೆಮಾರು ಕಳೆದಿತ್ತು. ಕಟ್ಟುವ ವಿದ್ಯೆಯನ್ನು ಅವಳು ಯಾರಿಗೂ ಕಲಿಸಿ ಹೋಗಿರಲಿಲ್ಲ. ಕೊನೆಗೆ ದಿಕ್ಕು ತೋಚದೆ ಮುದುಕ ಅವನ್ನು ಒಲೆಗೆ ಹಾಕಿದ. ಅದೇ ತಪ್ಪಾಯಿತು.

ಎಲ್ಲರೂ ಮೇಜಿಗೆ ಕೂತಿದ್ದರು. ಬೇಯಿಸಿದ ಬೀನ್ಸ್ ಕಾಳಿನ ತಟ್ಟೆಗಳ ಮೇಲೆ ಹಬೆಯಾಡುತ್ತಿತ್ತು. ಒಲೆಯೊಳಗೆ ಕೊಂಬು ಬಿರಿಯಿತು. ಟಕ್. ಕಟಕಟ. ಟಕ್. ಲಿಯಾಂದ್ರೊನ ಕೈಯ ಚಮಚ ಬಿತ್ತು. ಎದುರಿಗೆ ನಿಕನೋರ್ ಎದ್ದು ನಿಂತಿದ್ದ, ತಲೆ ತಗ್ಗಿಸಿ. ಮೇಜು ಮಗುಚಿತು. ನಡುವೆ ಒದಿಲಿಯಾ ಬಂದಳು. ಯಾರ ಭುಜ ತಾಗಿತೋ, ಬಸುರಿ ಹೆಂಗಸು ಬೆಂಚಿನ ಮೇಲೆ ಅಡ್ಡಬಿದ್ದಳು. ಬಿದ್ದಲ್ಲಿಂದಲೇ ಗಂಡನ ಹೆಸರು ಹಿಡಿದು ಕಿರುಚಿದಳು. ಆ ಕೂಗಿಗೆ ಇಬ್ಬರೂ ನಿಂತರು.

ಸಂಜೆಯವರೆಗೂ ಕೂಸು ಅಲುಗಲಿಲ್ಲ. ಸಂಜೆ ಒಮ್ಮೆ ಒದೆಯಿತು. ಲಿಯಾಂದ್ರೊ ಹೆಂಡತಿಯ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಬಾಗಿಲಾಚೆ ಕೂತು ಅಳುತ್ತಿದ್ದ ನಿಕನೋರನನ್ನು ನೋಡಿದ. ಈ ಕೂಸಿಗೆ ಅಪ್ಪ ಬೇಕು. ಎತ್ತಿ ಹಿಡಿಯಲು ಸೋದರಮಾವ ಬೇಕು. ಇಬ್ಬರಲ್ಲಿ ಒಬ್ಬ ಹೋದರೂ ಉಳಿದವನು ಕೊಲೆಗಾರ. ಅವನಿಗೆ ಅಷ್ಟು ಸ್ಪಷ್ಟವಾಗಿ ಯಾವುದೂ ಎಂದೂ ತೋರಿರಲಿಲ್ಲ.

ಒಲೆಯ ಬೂದಿಯಲ್ಲಿ ಕೊಂಬುಗಳು ಕರ್ರಗಾಗಿ ಹಾಗೇ ಇದ್ದವು. ಬಾಲ್ದೊಮೇರೊ ಅವನ್ನು ಕಟ್ಟೆಯ ಕೆಸರಿನಲ್ಲಿ ಹೂತ. ಹೂತು ಏನು ಬಂತು? ಕೆಟ್ಟ ಮೇಲೆ ಬುದ್ಧಿ. ಈಗ ಕೊಂಬೇ ಬೇಕಿರಲಿಲ್ಲ. ಆಳುಗಳ ಮನೆಯಲ್ಲಿ ಡಾಮಿನೊ ಆಟದ ಕಲ್ಲು ಟಕ್ಕೆಂದರೆ ಸಾಕು, ತಟ್ಟೆಗೆ ತಟ್ಟೆ ತಾಗಿದರೆ ಸಾಕು, ಎರಡು ಕತ್ತುಗಳು ಬಿಗಿಯುತ್ತಿದ್ದವು. ನಿಕನೋರ್ ಲರೇಡೊ ಪಟ್ಟಣದಲ್ಲಿದ್ದ ಚಿಕ್ಕಪ್ಪನ ಮನೆಗೆಂದು ಗಾಡಿ ಹತ್ತಿ ಹೋದ. ಮರುದಿನ ನೋಡಿದರೆ ಬೇಲಿಯ ಬಳಿ ನಿಂತಿದ್ದಾನೆ. ಗಾಡಿಯ ಬಾಗಿಲು ತೆರೆದೇ ಇದೆ, ಕಾಲಲ್ಲಿ ಬೂಟಿಲ್ಲ.

"ಹೆಂಗ್ ಬಂದೆ ಅಂತ ಗೊತ್ತಿಲ್ಲ ಭಾವ," ಎಂದ ದೂರದಿಂದಲೇ. "ನನ್ನ ಕಟ್ಟಿ ಹಾಕಿ. ಇಲ್ಲಾಂದ್ರೆ ಸುಟ್ಟು ಹಾಕಿ."

ಲಿಯಾಂದ್ರೊ ಜೀನು ಹೊಲಿಯುವ ಕೊಟ್ಟಿಗೆಗೆ ಹೋದ. ಮಾವನ ದಬ್ಬಳ ಗೋಡೆಯಲ್ಲಿ ನೇತಾಡುತ್ತಿತ್ತು. ಸದ್ದು ಕೇಳಿದರೆ ತಾನೆ ಕರೆ? ಬಾಗಿಲು ಹಾಕಿಕೊಂಡ. ಹಲ್ಲಿನ ನಡುವೆ ತೊಗಲಿನ ತುಂಡು ಕಚ್ಚಿಕೊಂಡ. ಮೊದಲು ಎಡಗಿವಿ. ಆಮೇಲೆ ಬಲಗಿವಿ.

ವಾರಗಟ್ಟಲೆ ಜ್ವರ. ಜ್ವರ ಇಳಿದಾಗ ಲೋಕ ಮೌನವಾಗಿತ್ತು. ಒದಿಲಿಯಾ ಅವನ ಎದೆಗೆ ಗುದ್ದಿ ಗುದ್ದಿ ಅತ್ತಳು, ಅವಳ ಬಾಯಿ ಆಡುವುದಷ್ಟೇ ಕಾಣಿಸಿತು. ಡಾಮಿನೊ ಟಕ್ಕೆನ್ನಲಿಲ್ಲ. ತಟ್ಟೆ ಸದ್ದು ಮಾಡಲಿಲ್ಲ. ಅವನ ಕತ್ತು ಬಿಗಿಯಲಿಲ್ಲ, ಮೈಯ ನಾತವೂ ಹೋಯಿತು. ಸದ್ದಾದಾಗ ನಿಕನೋರ್ ಮಾತ್ರ ತಲೆ ತಗ್ಗಿಸಿ ನಿಲ್ಲುತ್ತಿದ್ದ, ಎದುರಾಳಿ ಸಿಗದೆ ಕೊಂಚ ಹೊತ್ತಿಗೆ ತಣ್ಣಗಾಗುತ್ತಿದ್ದ. ಬಾಲ್ದೊಮೇರೊ ಅಂಗೈ ಮುಂದೆ ಹಿಡಿದು ಒಂದೇ ಕೈಯನ್ನು ಗಾಳಿಯಲ್ಲಿ ಆಡಿಸಿ ತೋರಿಸಿದ. ಒಂದೇ ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ. ಅಂದು ಮನೆಯಲ್ಲಿ ಹಬ್ಬದ ತಮಾಲೆ ಕಡುಬು ಬೇಯಿಸಿದರು. ನಿಕನೋರ್ ಅವನನ್ನು ಅಪ್ಪಿಕೊಂಡು ಕೆನ್ನೆಗೆ ಮುತ್ತಿಟ್ಟ. ತುಟಿ ಓದಲು ಕಲಿಯುತ್ತಿದ್ದ ಲಿಯಾಂದ್ರೊಗೆ ಒಂದು ಮಾತು ತಿಳಿಯಿತು. ಕೊಂಪಾದ್ರೆ.

ಒದಿಲಿಯಾಳ ತಿಂಗಳು ತುಂಬಿತ್ತು. ಬಿಸಿಲು ಎಳೆಯದಾಗಿ ಚೆನ್ನಾಗಿತ್ತು. ಆ ಬೆಳಿಗ್ಗೆ ಅವನು ಅಂಗಳದಲ್ಲಿ ಬರಿಗಾಲು ಚಾಚಿ ಕೂತಿದ್ದ. ಪಕ್ಕದಲ್ಲಿ ಅವಳು ಕೂಸಿನ ಕುಲಾವಿ ಹೊಲಿಯುತ್ತಿದ್ದಳು. ಬೇಲಿಯಾಚೆ ಜಾಲಿ ಚಿಗುರುತ್ತಿತ್ತು. ಕಿವಿ ಹೋದದ್ದಕ್ಕೆ ಅವನಿಗೆ ದುಃಖವಿರಲಿಲ್ಲ. ಮಗುವಿನ ಅಳು ಕೇಳಿಸುವುದಿಲ್ಲವಲ್ಲ ಎಂಬುದೊಂದೇ ಕೊರಗು.

ಅಂಗಾಲಿಗೆ ಏನೋ ತಾಕಿತು.

ಧುಮ್. ಧುಮ್.

ಕುದುರೆ ಇರಬೇಕು. ಗಾಳಿಯಂತ್ರದ ಪಂಪು ಇರಬೇಕು. ಅವನು ಕಾಲು ಸರಿಸಿದ. ನೆಲ ಸುಮ್ಮನಿತ್ತು. ಆಮೇಲೆ ಮತ್ತೊಂದು.

ಧುಮ್.

ಎರಡು ಗುದ್ದು. ಸುಮ್ಮನಿರು. ಮತ್ತೊಂದು. ಅವನು ತಟ್ಟನೆ ಎದ್ದು ನೋಡಿದ. ಕಟ್ಟೆಯ ಕಡೆಯ ಪೊದೆ ಅಲುಗುತ್ತಿತ್ತು. ನಿಕನೋರ್ ಬೆಳಿಗ್ಗೆಯಿಂದ ಕಂಡಿರಲಿಲ್ಲ. ಕೆಸರು ಅಗೆದು ತೆಗೆದನೇ? ತನಗೇ ತಿಳಿಯದೆ ಅಲ್ಲಿ ಮಂಡಿಯೂರಿ ಕೂತಿದ್ದಾನೆಯೇ? ಕಿವಿ ಅನುಮಾನ ಪಟ್ಟರೂ ಗೊರಸು ನಂಬುತ್ತದೆ.

"ಕಟ್ಟಿ ಹಾಕು ನನ್ನ!" ಎಂದು ಹೆಂಡತಿಗೆ ಕೂಗಿದ. ಕೂಗಿದೆನೋ ಇಲ್ಲವೋ ಅವನಿಗೇ ತಿಳಿಯಲಿಲ್ಲ. ಕುರ್ಚಿ ಹಿಡಿದ. ಕಂಬ ಹಿಡಿದ. ಕಾಲು ನೆಲಕ್ಕೆ ತಾಗದಂತೆ ಕಂಬಕ್ಕೆ ಹತ್ತಲು ನೋಡಿದ. ಧುಮ್. ಧುಮ್. ಕಂಬದಲ್ಲೂ ಅದೇ. ಮೂಳೆಯಲ್ಲೂ ಅದೇ. ಹಣೆ ಉರಿಯಿತು. ನಾತ ಬಂತು. ಧುಮ್. ಕತ್ತು ಬಿಗಿಯಿತು. ಬೆರಳು ಸಡಿಲಿತು. ತಲೆ ತಗ್ಗಿತು.

ಓಡುತ್ತಿದ್ದ. ಬೇಲಿಯ ಮುಳ್ಳುತಂತಿ ತೊಡೆ ಸೀಳಿತು. ಪಾಪಾಸುಕಳ್ಳಿ ಕಾಲಿಗೆ ಹೊಕ್ಕಿತು. ನಿಲ್ಲಲಿಲ್ಲ. ತಗ್ಗಿದ ತಲೆಯ ಕೆಳಗಿನಿಂದ, ಹಿಂದೆ, ಒಮ್ಮೆ ಕಂಡಿತು. ಒದಿಲಿಯಾ ಹೊಟ್ಟೆ ಹಿಡಿದುಕೊಂಡು ಓಡಿ ಬರುತ್ತಿದ್ದಾಳೆ. ಅವಳ ಬಾಯಿ ಅಗಲವಾಗಿ ತೆರೆದಿದೆ. ಅವನ ಹೆಸರು. ಮತ್ತೆ ಅವನ ಹೆಸರು. ಎರಡು ಸಲ ಅವನನ್ನು ಎಳೆದು ತಂದಿದ್ದ ದನಿ. ಅದು ಬರುವ ದಾರಿಯನ್ನು ಅವನು ತನ್ನ ಕೈಯಾರೆ, ದಬ್ಬಳದಿಂದ, ಮುಚ್ಚಿದ್ದ.

ಅಂಗಾಲಿನ ಕೆಳಗೆ ಗುದ್ದು ನಿಂತಿತು. ಯಾವಾಗ ನಿಲ್ಲಿಸಬೇಕೆಂದು ನಿಕನೋರನಿಗೆ ಗೊತ್ತಿತ್ತು.